ಮಗುವಿರುವ ಮನೆಯ ಸದಾಚಾರ

॥ ಶ್ರೀಗುರುಭ್ಯೋ ನಮಃ । ಹರಿಃ ಓಂ ॥



ಪುಣೆಯಂತಹ ಮಹಾನಗರದ ಮಠದಲ್ಲಿ ಪ್ರವಚನ ಮುಗಿದು, ಮಂಗಳಾರತಿಯಾಗಿ, ತೀರ್ಥಕ್ಕೆ ನಿಂತ ಎಳೆಯ ದಂಪತಿಗಳು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಜೀವೇಶ್ವರರ ಭೇದದ ವಿಷಯವಾಗಲಿ, ಮುಕ್ತಿಯಲ್ಲಿನ ತಾರತಮ್ಯದ ವಿಷಯವಾಗಲಿ ಅವರ ಬಾಯಲ್ಲಿ ಬರುವುದಿಲ್ಲ. "ಮಗು ಹುಟ್ಟಿದಾಗಿನಿಂದ ಪ್ರಾತಃಸಂಧ್ಯೆ ಹೊತ್ತಿಗೆ ಸರಿಯಾಗಿ ಆಗುತ್ತಿಲ್ಲ" ಎಂದು ತಂದೆ ತಲೆ ತಗ್ಗಿಸುತ್ತಾನೆ. "ಸ್ನಾನವಾಗುವುದೇ ಹನ್ನೊಂದು ಗಂಟೆಗೆ, ತುಳಸಿಗೆ ನೀರು ಹಾಕುವಷ್ಟರಲ್ಲಿ ಮಧ್ಯಾಹ್ನ" ಎಂದು ತಾಯಿ ಹೇಳುತ್ತಾಳೆ. ಹೇಳುವಾಗ ಅವಳ ಕಣ್ಣು ತೋಳಿನ ಮೇಲಿನ ಕೂಸಿನ ಕಡೆಗಿರುತ್ತದೆ. ಮಾತಿನಲ್ಲಿ ಪ್ರಶ್ನೆಗಿಂತ ದಣಿವು ಹೆಚ್ಚು. ತಾವು ಹಿರಿಯರ ಮಾರ್ಗದಿಂದ ಜಾರುತ್ತಿದ್ದೇವೆಂಬ ಅಳುಕು ಅದಕ್ಕಿಂತಲೂ ಹೆಚ್ಚು.

ಈ ಅಳುಕಿಗೆ ಕಾರಣವುಂಟು. ಧಾರವಾಡ, ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರುಗಳ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಒಬ್ಬ ಅಜ್ಜಿ, ಅಡಿಗೆಗೆ ಒಬ್ಬ ಅತ್ತೆ, ತೊಟ್ಟಿಲು ತೂಗಲು ಯಾರಾದರೊಬ್ಬ ಚಿಕ್ಕಮ್ಮ ಇರುತ್ತಿದ್ದರು. ಮಗುವಿನ ಭಾರ ಹತ್ತು ಕೈಗಳಿಗೆ ಹಂಚಿಹೋಗುತ್ತಿತ್ತು. ಆದ್ದರಿಂದಲೇ ಮನೆಯ ಯಜಮಾನನಿಗೆ ನಸುಕಿನಲ್ಲಿ ಅರ್ಘ್ಯಕ್ಕೆ ನಿಲ್ಲಲು ಸಾಧ್ಯವಾಗುತ್ತಿತ್ತು, ಗೃಹಿಣಿಗೆ ಮಡಿಯುಟ್ಟು ಒಲೆಯ ಮುಂದೆ ಕೂಡಲು ಬಿಡುವಾಗುತ್ತಿತ್ತು. ಇಲ್ಲಿ, ವಾಕಡದಲ್ಲೋ ಹಡಪಸರದಲ್ಲೋ ಐದನೆಯ ಮಾಳಿಗೆಯ ಎರಡು ಕೋಣೆಗಳ ಫ್ಲಾಟಿನಲ್ಲಿ ಇರುವವು ನಾಲ್ಕೇ ಕೈಗಳು. ಅವುಗಳಲ್ಲಿ ಎರಡು ಹಿಂಜವಡಿಯ ಕಂಪನಿಯಲ್ಲಿ ಅಮೆರಿಕೆಯ ಹಗಲಿಗೆ ಹೊಂದಿಕೊಂಡು ರಾತ್ರಿಯೆಲ್ಲ ದುಡಿಯುತ್ತವೆ, ಇಲ್ಲವೇ ಚಾಕಣದ ಕಾರ್ಖಾನೆಯ ಶಿಫ್ಟಿಗೆ ಸಿಕ್ಕಿರುತ್ತವೆ. ಊರಿನ ಆಚಾರವನ್ನು ಊರಿನ ಹತ್ತು ಕೈಗಳಿಲ್ಲದೆ ನಡೆಸಬೇಕೆಂದರೆ ಭಾರವೆಲ್ಲ ಒಬ್ಬಳೇ ತಾಯಿಯ ಹೆಗಲಿಗೆ ಬೀಳುತ್ತದೆ. ಇದು ಅವಳ ಶ್ರದ್ಧೆಯ ಕೊರತೆಯೆಂದು ಭಾವಿಸುವುದು ಅನ್ಯಾಯ.

ಹಾಗಾದರೆ ಆಚಾರವನ್ನು ಕೈಬಿಡೋಣವೆ? ಅದೂ ಅಲ್ಲ. ಆಚಾರವೆಂದರೇನೆಂಬುದನ್ನು ಮೊದಲು ತಿಳಿಯಬೇಕು.

ಶ್ರೀಮದಾಚಾರ್ಯರ ಸರ್ವಮೂಲದ 37 ಗ್ರಂಥಗಳಲ್ಲಿ 'ಸದಾಚಾರಸ್ಮೃತಿ' ಬಹು ಚಿಕ್ಕದು. ಬ್ರಹ್ಮಸೂತ್ರಗಳಿಗೆ ಭಾಷ್ಯ ರಚಿಸಿದ, ವಾದಿಗಳನ್ನು ಗೆದ್ದ ಆಚಾರ್ಯರು ಬೆಳಿಗ್ಗೆ ಏಳುವುದು, ಶೌಚ, ಹಲ್ಲುಜ್ಜುವುದು, ಮೀಯುವುದು ಮೊದಲಾದ ಸಂಗತಿಗಳಿಗಾಗಿ ಬೇರೆಯೇ ಒಂದು ಗ್ರಂಥವನ್ನು ಅನುಗ್ರಹಿಸಿದರೆಂಬುದೇ ವಿಚಾರಾರ್ಹವಾದದ್ದು. ಮೈ ತೊಳೆಯುವುದು, ಉಣ್ಣುವುದು, ಮಲಗುವುದು ಇವೆಲ್ಲ ಲೌಕಿಕವೆಂದೂ ಪೂಜೆ ಮಾತ್ರ ವೈದಿಕವೆಂದೂ ನಾವು ಗೆರೆ ಎಳೆದುಕೊಂಡಿದ್ದೇವೆ. ಆಚಾರ್ಯರು ಅಂತಹ ಗೆರೆಯನ್ನು ಎಳೆಯಲಿಲ್ಲ. ಒಳಗಿರುವ ಬಿಂಬರೂಪಿ ಶ್ರೀಹರಿಯೇ ಸ್ವತಂತ್ರಕರ್ತೃ, ಅವನು ಮಾಡಿಸಿದ್ದನ್ನು ನಾವು ಅವನ ಅಧೀನರಾಗಿ ಮಾಡುತ್ತೇವೆ, ಮಾಡಿದ್ದೆಲ್ಲವೂ ಅವನ ಪೂಜೆ ಎಂಬ ಅನುಸಂಧಾನವಿದ್ದರೆ ಹಲ್ಲುಜ್ಜುವುದೂ ಪೂಜೆಯೇ. ಆ ಅನುಸಂಧಾನವಿಲ್ಲದಿದ್ದರೆ ಷೋಡಶೋಪಚಾರವೂ ಬರಿಯ ಕೈಕೆಲಸ.

ಇದರಿಂದ ಇನ್ನೊಂದು ವಿಷಯವೂ ಸಿದ್ಧವಾಗುತ್ತದೆ. ಈ ದೇಹ ನಮ್ಮ ಸ್ವತ್ತಲ್ಲ, ಸ್ವಾಮಿಯ ಮನೆ. ಅದನ್ನು ಚೊಕ್ಕಟವಾಗಿ, ಗಟ್ಟಿಯಾಗಿ ಇಟ್ಟುಕೊಳ್ಳುವುದು ಬಾಡಿಗೆಗಿರುವವನ ಕರ್ತವ್ಯ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು, ಶಾಸ್ತ್ರವು ಹೇಳದ ಘೋರ ತಪಸ್ಸಿನಿಂದ ದೇಹವನ್ನು ಬಳಲಿಸುವವರು ಒಳಗಿರುವ ತನ್ನನ್ನೂ ಬಳಲಿಸುತ್ತಾರೆಂದು ಕಠಿಣವಾಗಿ ನುಡಿಯುತ್ತಾನೆ. ಭಗವಂತನಿಗೆ ಬಳಲಿಕೆಯುಂಟೆ? ಇಲ್ಲ. ಅವನು ಒಳಗಿದ್ದಾನೆಂಬುದನ್ನೇ ಲೆಕ್ಕಿಸದ ಉದಾಸೀನವನ್ನು ಅಲ್ಲಿ ನಿಂದಿಸಿದೆ. ನಾಲ್ಕು ತಿಂಗಳ ಕೂಸಿನ ತಾಯಿ ಮೂರು ರಾತ್ರಿ ಕಣ್ಣು ಮುಚ್ಚದೆ, ನಾಲ್ಕನೆಯ ದಿನ ಉಪವಾಸವಿದ್ದು, ತಲೆ ಸುತ್ತಿ ಬೀಳುವಂತಾಗುವುದನ್ನು ಯಾವ ಶಾಸ್ತ್ರವೂ ವಿಧಿಸಿಲ್ಲ. ಅದನ್ನು 'ನಿಷ್ಠೆ' ಎಂದು ಹೊಗಳುವ ಬಂಧುಗಳು ಆ ಶ್ಲೋಕವನ್ನು ಇನ್ನೊಮ್ಮೆ ಓದಬೇಕು.

ಬ್ರಾಹ್ಮೀ ಮುಹೂರ್ತದ ವಿಷಯವನ್ನೇ ನೋಡಿ. ಏಳಲಾಗಲಿಲ್ಲವೆಂದು ಕೊರಗುವವರೇ ಹೆಚ್ಚು. ವಾಗ್ಭಟನು ತನ್ನ ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದ ಆರಂಭದಲ್ಲೇ ಈ ವಿಧಿಯನ್ನು ಹೇಳಿದ್ದಾನೆ. ಆದರೆ ಯಾರಿಗೆ ಹೇಳಿದ್ದಾನೆ? ಆರೋಗ್ಯವಂತನಾದವನಿಗೆ, ಏತಕ್ಕೆಂದರೆ ಆಯುಷ್ಯದ ರಕ್ಷಣೆಗೆ. ಆ 'ಸ್ವಸ್ಥ' ಎಂಬ ಒಂದು ಪದವನ್ನು ಬಿಟ್ಟು ಉಳಿದದ್ದನ್ನು ಮಾತ್ರ ನಾವು ನೆನಪಿಟ್ಟುಕೊಂಡಿದ್ದೇವೆ. ಅದೇ ಗ್ರಂಥದಲ್ಲಿ ಮುಂದೆ, ತಡೆಹಿಡಿಯಬಾರದ ಹದಿಮೂರು ವೇಗಗಳನ್ನು ಎಣಿಸುವಾಗ ಹಸಿವು, ಬಾಯಾರಿಕೆ, ನಿದ್ರೆಗಳ ಜೊತೆಗೆ ಕಣ್ಣೀರನ್ನೂ ಸೇರಿಸಿದ್ದಾನೆ. ಎಳೆಯ ಮಕ್ಕಳ ತಾಯಂದಿರು ದಿನವೂ ತಡೆಹಿಡಿಯುವುದು ಈ ನಾಲ್ಕನ್ನೇ. ಗೀತೆಯ ಆರನೆಯ ಅಧ್ಯಾಯದಲ್ಲೂ ಅತಿಯಾಗಿ ನಿದ್ರಿಸುವವನೊಡನೆ ನಿದ್ರೆಯನ್ನೇ ಬಿಟ್ಟವನನ್ನೂ ಸೇರಿಸಿ, ಇಬ್ಬರಿಗೂ ಯೋಗ ಕೂಡಿಬರುವುದಿಲ್ಲವೆಂದು ಭಗವಂತ ಹೇಳಿದ್ದಾನೆ. ರಾತ್ರಿ ಮೂರು ಸಲ ಎದ್ದವಳು ಬೆಳಿಗ್ಗೆ ಕೂಸು ಮಲಗಿದಾಗ ತಾನೂ ಒಂದು ಗಳಿಗೆ ಮಲಗಿದರೆ ಅದು ಆಲಸ್ಯವಲ್ಲ, ಔಷಧ.

ಸಂಧ್ಯಾವಂದನೆಯ ಕಾಲವನ್ನು ಮೀರಿದವರಿಗೂ ಶಾಸ್ತ್ರವು ಬಾಗಿಲು ಹಾಕಿಲ್ಲ. ನಕ್ಷತ್ರಗಳಿರುವಾಗ ಮಾಡಿದ ಪ್ರಾತಃಸಂಧ್ಯೆ ಉತ್ತಮ, ನಕ್ಷತ್ರಗಳು ಮರೆಯಾದ ಮೇಲೆ ಮಧ್ಯಮ, ಸೂರ್ಯನು ಉದಿಸಿದ ಮೇಲೆ ಅಧಮ. ಅಧಮವೆಂದರೂ ಅದು ಸಂಧ್ಯೆಯೇ. ಕಾಲಾತಿಕ್ರಮವಾದರೆ ಮೂರು ಅರ್ಘ್ಯಗಳ ಜೊತೆಗೆ ಪ್ರಾಯಶ್ಚಿತ್ತಾರ್ಘ್ಯವೊಂದನ್ನು ಹೆಚ್ಚಾಗಿ ಕೊಡಬೇಕೆಂದು ವಿಧಿ. ಗೃಹಸ್ಥನಿಗೆ ಒಂದಲ್ಲ ಒಂದು ದಿನ ತಡವಾಗುತ್ತದೆಂಬುದು ಋಷಿಗಳಿಗೆ ತಿಳಿದಿತ್ತು. ಆದ್ದರಿಂದಲೇ ತಡವಾದವನ ಪಾಲಿಗೆ ಒಂದು ಬೊಗಸೆ ನೀರನ್ನು ಹೆಚ್ಚಾಗಿ ಇಟ್ಟರೇ ಹೊರತು 'ಇನ್ನು ಬಿಟ್ಟುಬಿಡು' ಎನ್ನಲಿಲ್ಲ. ಬಿಡುವುದಕ್ಕೆ ಮಗುವನ್ನು ನೆವ ಮಾಡಿಕೊಳ್ಳುವ ತಂದೆಯರಿಗೂ ಇದೇ ಉತ್ತರ. ಮಗುವಿನ ಕಾರಣದಿಂದ ಸಂಧ್ಯೆ ಒಂದು ಗಂಟೆ ತಡವಾಗಬಹುದು. ಮೊಬೈಲಿನ ಕಾರಣದಿಂದ ತಡವಾದದ್ದನ್ನು ಮಗುವಿನ ಲೆಕ್ಕಕ್ಕೆ ಬರೆಯಬಾರದು.

ಸ್ನಾನಕ್ಕೂ ಹೀಗೆಯೇ ಅವಕಾಶಗಳುಂಟು. ಸ್ಮೃತಿಕಾರರು ಏಳು ಬಗೆಯ ಸ್ನಾನಗಳನ್ನು ಹೇಳಿದ್ದಾರೆ. ನೀರಿನಲ್ಲಿ ಮೀಯುವುದು ಅವುಗಳಲ್ಲಿ ಒಂದು, ಮಂತ್ರಪೂರ್ವಕ ಪ್ರೋಕ್ಷಣೆ ಇನ್ನೊಂದು, ವಿಷ್ಣುಸ್ಮರಣೆಯೇ ಸ್ನಾನವಾಗುವ ಮಾನಸಸ್ನಾನ ಮತ್ತೊಂದು. ಜ್ವರ ಬಂದ ಮಗು ಎದೆಯನ್ನು ಬಿಡದಿರುವ ದಿನ ತಾಯಿ ಕೈಕಾಲು ಮುಖ ತೊಳೆದು, ನಾರಾಯಣನನ್ನು ಸ್ಮರಿಸಿ, ಕುಂಕುಮವಿಟ್ಟುಕೊಂಡರೆ ಆ ದಿನಕ್ಕೆ ಅಷ್ಟು ಸಾಕು. ಆದರೆ ಜ್ವರವಿಲ್ಲದ ದಿನಗಳಲ್ಲಿ ಅವಳಿಗೆ ನೆಮ್ಮದಿಯಾಗಿ ಮೀಯಲು ಇಪ್ಪತ್ತು ನಿಮಿಷ ದೊರೆಯುವಂತೆ ಮಾಡುವುದು ಮನೆಯವರ ಹೊಣೆ. ಬಾಗಿಲಾಚೆ ಮಗುವಿನ ಅಳು ಕೇಳಿ ಅರ್ಧ ತಲೆ ತೊಳೆದು ಓಡಿಬರುವ ಸ್ನಾನದಿಂದ ಮೈಗೆ ಶುದ್ಧಿಯಾದರೂ ಮನಸ್ಸಿಗೆ ಶಾಂತಿಯಾಗದು.

ಇನ್ನು ಮಗುವಿನ ವಿಷಯ. "ಮಕ್ಕಳು ದೇವರ ಸಮಾನ" ಎಂದು ಲೋಕದಲ್ಲಿ ಹೇಳುತ್ತಾರೆ. ಪ್ರೀತಿಯ ಮಾತಾಗಿ ಅದು ಸರಿ. ಸಿದ್ಧಾಂತವಾಗಿ ನಾವದನ್ನು ಒಪ್ಪಲಾರೆವು. ಮಗು ದೇವರಲ್ಲ; ಮಗುವಿನೊಳಗೆ ದೇವರಿದ್ದಾನೆ. ಈ ವ್ಯತ್ಯಾಸವು ಪಂಡಿತರ ಸಭೆಗೆ ಮಾತ್ರ ಬೇಕಾದದ್ದಲ್ಲ, ಅಡಿಗೆಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಮಗು ದೇವರಲ್ಲವಾದ್ದರಿಂದ ಅದು ಕೇಳಿದ್ದನ್ನೆಲ್ಲ ಕೊಡಬೇಕಾಗಿಲ್ಲ, ಬೇಡವೆಂದು ಹೇಳಬಹುದು. ಮಗುವಿನೊಳಗೆ ದೇವರಿರುವುದರಿಂದ ಅದರ ಮೇಲೆ ಕೈಯೆತ್ತುವಾಗ ಯಾರ ಮುಂದೆ ಕೈಯೆತ್ತುತ್ತಿದ್ದೇವೆಂಬುದು ನೆನಪಿರಬೇಕು.

ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲರೂಪಿ ಭಗವಂತನು ತಾಯಿ ದೇವಹೂತಿಗೆ ಮಾಡಿದ ಉಪದೇಶದಲ್ಲಿ ಶಿಶುವಿನ ಪಾಡನ್ನು ವರ್ಣಿಸಿದ್ದಾನೆ. ತನ್ನ ಮನಸ್ಸನ್ನು ಅರಿಯದ ಜನರ ಕೈಯಲ್ಲಿ ಅದು ಬೆಳೆಯಬೇಕು. ಬೇಡವಾದದ್ದನ್ನು ಕೊಟ್ಟರೆ ಬೇಡವೆನ್ನಲು ಬಾರದು. ಒದ್ದೆಯಾದ ಹಾಸಿಗೆಯಲ್ಲಿ ಕ್ರಿಮಿ ಕಚ್ಚಿದರೆ ತುರಿಸಿಕೊಳ್ಳಲೂ, ಎದ್ದು ಕೂಡಲೂ ಶಕ್ತಿಯಿಲ್ಲ. ಸಂಸಾರದ ಬಂಧವನ್ನು ತೋರಿಸಲು ಹೇಳಿದ ಮಾತು ಇದಾದರೂ, ಎಳೆಯ ಕೂಸಿನ ಕಷ್ಟವನ್ನು ಇಷ್ಟು ಹತ್ತಿರದಿಂದ ಕಂಡ ವರ್ಣನೆ ಬೇರೆಡೆ ಅಪರೂಪ. ಹಸಿದಾಗ ನೀರು ಕುಡಿಸಿ, ನಿದ್ದೆ ಬಂದಾಗ ಗಿಲಕಿ ಆಡಿಸಿ, ಕಡೆಗೆ ಮಗು 'ಹಟಮಾರಿ' ಎನ್ನುವ ನಮ್ಮೆಲ್ಲರ ಚಿತ್ರ ಅಲ್ಲಿದೆ. ಇದಕ್ಕೆ ಸ್ವಲ್ಪ ಮೊದಲೇ ಅದೇ ಕಪಿಲನು, ಸಕಲ ಪ್ರಾಣಿಗಳಲ್ಲಿರುವ ತನ್ನನ್ನು ಕಡೆಗಣಿಸಿ ಪ್ರತಿಮೆಯನ್ನು ಮಾತ್ರ ಪೂಜಿಸುವುದು ಬೂದಿಯಲ್ಲಿ ಹೋಮ ಮಾಡಿದಂತೆ ಎಂದೂ ಹೇಳಿದ್ದಾನೆ. ಒದ್ದೆ ಬಟ್ಟೆಯಲ್ಲಿ ಮಗು ಅಳುತ್ತಿರುವಾಗ ದೇವರಕೋಣೆಯ ಬಾಗಿಲು ಹಾಕಿಕೊಂಡು ಗಂಟೆ ಬಾರಿಸುವವರು ಈ ಎರಡು ಅಧ್ಯಾಯಗಳನ್ನು ಜೊತೆಯಾಗಿ ಓದುವುದು ಒಳ್ಳೆಯದು.

ಮಕ್ಕಳನ್ನು ಬೆಳೆಸುವ ಕಷ್ಟ ನಮಗೆ ಮಾತ್ರ ಬಂದದ್ದಲ್ಲ. ನಾರಾಯಣಪಂಡಿತಾಚಾರ್ಯರ 'ಸುಮಧ್ವವಿಜಯ'ದ ಎರಡನೆಯ ಸರ್ಗವನ್ನು ನಾವು ಆಚಾರ್ಯರ ಮಹಿಮೆಗಾಗಿ ಓದುತ್ತೇವೆ. ಒಮ್ಮೆ ಅದನ್ನು ಪಾಜಕದ ಆ ಬಡಮನೆಯ ತಾಯಿಯ ಕಣ್ಣಿನಿಂದಲೂ ಓದಬೇಕು. ಮನೆಯಲ್ಲಿ ಕೆಲಸ ನೂರು. ಮಗುವನ್ನು ನೋಡಿಕೊಳ್ಳೆಂದು ಮಗಳಿಗೆ ಹೇಳಿ ತಾಯಿ ಹೊರಗೆ ಹೋಗಿದ್ದಾಳೆ. ಹೊತ್ತು ಕಳೆಯಿತು, ತಾಯಿ ಬರಲಿಲ್ಲ. ಹಸಿದ ಮಗು ಅಳತೊಡಗಿತು. ಆ ಅಕ್ಕನಾದರೂ ಎಷ್ಟು ದೊಡ್ಡವಳು? ಮುದ್ದಿಸಿದಳು, ಸಂತೈಸಿದಳು, ದಾರಿ ನೋಡಿದಳು. ಕಡೆಗೆ ಬೇರೇನೂ ತೋಚದೆ ದನಗಳಿಗೆಂದು ಬೇಯಿಸಿಟ್ಟಿದ್ದ ಹುರುಳಿಯನ್ನೇ ತಿನ್ನಿಸಿಬಿಟ್ಟಳು! ಅತ್ತ ತಾಯಿ, ಕೂಸು ಹಾಲಿಲ್ಲದೆ ಎಷ್ಟು ಅಳುತ್ತಿದೆಯೋ ಎಂದು ತಳಮಳಿಸುತ್ತ ಓಡಿಬಂದಳು. ಬಂದು ನೋಡಿದರೆ ಮಗು ತೃಪ್ತಿಯಿಂದಿದೆ. ಏನು ಕೊಟ್ಟೆಯೆಂದು ವಿಚಾರಿಸಿ, ಹುರುಳಿಯೆಂಬ ಉತ್ತರ ಕೇಳಿದಾಗ ಅವಳ ಎದೆ ಎಷ್ಟು ಬಡಿದುಕೊಂಡಿರಬೇಕು! ಬೆಳೆದವರಿಗೂ ಸುಲಭವಾಗಿ ಅರಗದ ಕಾಳು ಅದು.

ಮಗು ವಾಯುದೇವರ ಅವತಾರವಾದ್ದರಿಂದ ಹುರುಳಿ ಅರಗಿತು. ನಮ್ಮ ಮಕ್ಕಳಿಗೆ ಅದನ್ನು ಪ್ರಯೋಗಿಸಿ ನೋಡುವ ಸಾಹಸ ಬೇಡ. ಆದರೆ ಆ ಮನೆಯ ಚಿತ್ರವನ್ನು ಗಮನಿಸಿ. ತಾಯಿಗೆ ಹೊರಗೆ ಹೋಗಲೇಬೇಕಾದ ಕೆಲಸವಿತ್ತು. ಮಗುವನ್ನು ಇನ್ನೊಬ್ಬರ ಕೈಯಲ್ಲಿ ಬಿಡಬೇಕಾಯಿತು. ಬಿಟ್ಟಲ್ಲಿ ನಡೆಯಬಾರದ್ದು ನಡೆಯಿತು. ಪಂಡಿತಾಚಾರ್ಯರು ಇದನ್ನು ಮುಚ್ಚಿಡಲಿಲ್ಲ. ಆ ತಾಯಿಯನ್ನಾಗಲಿ ಅಕ್ಕನನ್ನಾಗಲಿ ದೂರಲೂ ಇಲ್ಲ. ಮುಂದೆ ಅದೇ ಮಗು ಎತ್ತಿನ ಬಾಲ ಹಿಡಿದು ಕಾಡಿಗೆ ಹೋಯಿತು, ಬಂಧುಗಳ ಮನೆಯ ಗದ್ದಲದ ನಡುವೆ ಯಾರಿಗೂ ಹೇಳದೆ ದೇವಾಲಯಗಳ ದರ್ಶನಕ್ಕೆ ಹೊರಟುಹೋಯಿತು, ತಂದೆತಾಯಿಗಳು ಹುಡುಕಿ ಕಂಗಾಲಾದರು. ಪುಣೆಯವರು 'ಪಾಳಣಾಘರ'ವೆನ್ನುವ ಶಿಶುಮಂದಿರದ ಮೆಟ್ಟಿಲ ಮೇಲೆ ಅಳುವ ಮಗುವನ್ನು ಒಪ್ಪಿಸಿ, ಬಸ್ಸಿನಲ್ಲಿ ಕಣ್ಣೊರಸಿಕೊಳ್ಳುತ್ತ ಆಫೀಸಿಗೆ ಹೋಗುವ ತಾಯಿಗೆ ನಾನು ಪಾಜಕದ ಆ ಮನೆಯನ್ನೇ ನೆನಪಿಸುತ್ತೇನೆ.

ಯಶೋದೆಯ ಕಥೆಯಂತೂ ಎಲ್ಲರಿಗೂ ತಿಳಿದದ್ದು. ಆದರೆ ದಾಮೋದರಲೀಲೆಯಲ್ಲಿ ನಾವು ಹಗ್ಗವನ್ನೂ ಒರಳನ್ನೂ ನೆನೆಯುವಷ್ಟು ಒಲೆಯ ಮೇಲಿನ ಹಾಲನ್ನು ನೆನೆಯುವುದಿಲ್ಲ. ಅಂದು ದಾಸಿಯರೆಲ್ಲ ಬೇರೆ ಕೆಲಸದಲ್ಲಿದ್ದರು, ಯಶೋದೆ ತಾನೇ ಮೊಸರು ಕಡೆಯುತ್ತಿದ್ದಳು. ಮಗು ಬಂದು ಕಡೆಗೋಲು ಹಿಡಿದು ಹಾಲಿಗಾಗಿ ಹಟ ಮಾಡಿತು. ತೊಡೆಯ ಮೇಲಿಟ್ಟುಕೊಂಡು ಕುಡಿಸುತ್ತಿರುವಾಗ ಒಲೆಯ ಮೇಲೆ ಹಾಲು ಉಕ್ಕಿತು. ಇನ್ನೂ ತೃಪ್ತಿಯಾಗದ ಮಗುವನ್ನು ಕೆಳಗಿಳಿಸಿ ಅವಳು ಓಡಿದಳು. ಸಾಕ್ಷಾತ್ ಪರಬ್ರಹ್ಮನನ್ನು ತೊಡೆಯಿಂದಿಳಿಸಿ ಹಾಲಿನ ಪಾತ್ರೆಯ ಕಡೆಗೆ ಓಡಿದ ಈ ತಾಯಿಯನ್ನು ಶುಕಾಚಾರ್ಯರು ನಿಂದಿಸಲಿಲ್ಲ. ಬ್ರಹ್ಮನಿಗೂ ರುದ್ರನಿಗೂ ಲಕ್ಷ್ಮಿಗೂ ದೊರೆಯದಂತಹ ಪ್ರಸಾದ ಅವಳಿಗೆ ದೊರೆಯಿತೆಂದು ಹೊಗಳಿದರು.

ಹಿಂದಿರುಗಿ ನೋಡಿದಾಗ ಗಡಿಗೆ ಒಡೆದಿದೆ, ಮಗು ಅಲ್ಲಿಲ್ಲ. ಮೊದಲು ಅವಳು ಮಾಡಿದ್ದೇನು? ನಕ್ಕಳು. ಕೋಲು ಹಿಡಿದದ್ದು ಆಮೇಲೆ. ಮಗು ಹೆದರಿತೆಂದು ತಿಳಿದ ಕೂಡಲೇ ಆ ಕೋಲನ್ನೂ ಎಸೆದಳು. ಇಷ್ಟನ್ನು ನಮ್ಮ ಮನೆಗಳಿಗೆ ತಂದುಕೊಂಡರೆ ಎಷ್ಟೋ ಕಣ್ಣೀರು ಉಳಿದೀತು. ಕಟ್ಟಲು ಹೋದರೆ ಹಗ್ಗ ಎರಡಂಗುಲ ಸಾಲದು, ಇನ್ನೊಂದನ್ನು ಜೋಡಿಸಿದರೂ ಎರಡಂಗುಲ ಸಾಲದು. ಅವಳ ಮೈಯೆಲ್ಲ ಬೆವರಿತು, ಮುಡಿಯ ಹೂ ಉದುರಿತು. ಆಗ ತಾಯಿಯ ಆಯಾಸವನ್ನು ಕಂಡು, ಕೃಪೆಯಿಂದ, ಕೃಷ್ಣನು ತಾನಾಗಿ ಕಟ್ಟಿಗೆ ಒಳಗಾದನು. ಅವಳ ಜಪದ ಸಂಖ್ಯೆಯನ್ನು ಭಗವಂತನು ಅಲ್ಲಿ ಎಣಿಸಲಿಲ್ಲ, ಬೆವರನ್ನು ಕಂಡನು. ಮನೆಯಲ್ಲಿ ಎಳೆಯ ಮಕ್ಕಳಿರುವಷ್ಟು ಕಾಲವೂ ಯಾವ ಕೆಲಸದ ಹಗ್ಗವನ್ನು ಹಿಡಿದರೂ ಎರಡಂಗುಲ ಸಾಲದೇ ಬರುತ್ತದೆ. ಅದು ತಾಯಿಯ ಅಸಮರ್ಥತೆಯ ಗುರುತಲ್ಲ.

ಮಡಿಯ ಮಾತಿಗೆ ಬರೋಣ. "ಮುಟ್ಟಬೇಡ, ಮಡಿಯಲ್ಲಿದ್ದೇನೆ" ಎಂಬ ಮಾತನ್ನು ಎರಡು ವರ್ಷದ ಮಗು ಕೇಳಿದಾಗ ಅದಕ್ಕೆ ಅರ್ಥವಾಗುವುದು 'ಅಮ್ಮನಿಗೆ ನಾನು ಬೇಡ' ಎಂದು ಮಾತ್ರ. ಊರಿನಲ್ಲಾದರೆ ಎತ್ತಿಕೊಳ್ಳಲು ಬೇರೊಬ್ಬರಿದ್ದರು, ಇಲ್ಲಿ ಯಾರಿದ್ದಾರೆ? ಗೌತಮಧರ್ಮಸೂತ್ರವು ಎರಡನೆಯ ಅಧ್ಯಾಯದ ಆರಂಭದಲ್ಲೇ, ಉಪನಯನಕ್ಕೆ ಮುಂಚೆ ಮಗುವಿಗೆ ನಡೆ, ನುಡಿ, ಊಟಗಳಲ್ಲಿ ನಿಯಮವಿಲ್ಲವೆಂದು ಹೇಳುತ್ತದೆ. ಅದರ ಮಲಮೂತ್ರಕ್ಕೂ ಕಾಲದೇಶಗಳ ಕಟ್ಟಳೆಯಿಲ್ಲ, ಒರೆಸುವುದು, ತೊಳೆಯುವುದು, ನೀರು ಚಿಮುಕಿಸುವುದು ಇಷ್ಟೇ ಶುದ್ಧಿ. ಅಂತಹ ಮಗುವಿನ ಸ್ಪರ್ಶದಿಂದ ಅಶೌಚವಿಲ್ಲ. ಎಷ್ಟು ಉದಾರವಾದ ಮಾತು! ಮಗು ಹಾಸಿಗೆಯನ್ನೋ ನೆಲವನ್ನೋ ಒದ್ದೆ ಮಾಡಿದ್ದಕ್ಕೆ ಗದರುವ ಹಿರಿಯರು ಸೂತ್ರಕಾರರಿಗಿಂತ ಬಿಗಿಯಾಗಬೇಕಾಗಿಲ್ಲ. ನಮ್ಮ ಅಜ್ಜಿಯರೂ ಬಟ್ಟೆ ಕಳಚಿದ ಮಗುವನ್ನು ಮಡಿಯಲ್ಲಿದ್ದೇ ತೊಡೆಗೇರಿಸಿಕೊಳ್ಳುತ್ತಿದ್ದರು. ನೈವೇದ್ಯದ ಅಡಿಗೆಗೆ ಬೇಕಾದಷ್ಟು ಹೊತ್ತು ಮಡಿಯನ್ನು ಇಟ್ಟುಕೊಂಡು, ಆ ಹೊತ್ತಿಗೆ ಮಗುವನ್ನು ತಂದೆಯ ಕೈಗೆ ಕೊಡುವುದು ಸರಿಯಾದ ಕ್ರಮ. ಅವನು ಮನೆಯಲ್ಲಿಲ್ಲದ ದಿನ, ಮಗು ಬಂದು ಸೆರಗು ಹಿಡಿದರೆ, ಎತ್ತಿಕೊಂಡು ಕೃಷ್ಣನನ್ನು ತೋರಿಸಿ.

ಊಟದ ವಿಷಯದಲ್ಲಂತೂ ನಮ್ಮ ಮನೆಗಳ ಪದ್ಧತಿ ಶಾಸ್ತ್ರಕ್ಕೆ ತೀರ ತಿರುಗುಮುರುಗಾಗಿದೆ. ಎಲ್ಲರಿಗೂ ಬಡಿಸಿ, ಮಗುವಿಗೆ ತಿನ್ನಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಾಯಿ ನಿಂತೇ ತಿನ್ನುತ್ತಾಳೆ, ಅದೂ ಮಧ್ಯಾಹ್ನ ಮೂರಕ್ಕೆ. ಇದನ್ನು ಪತಿವ್ರತಾಧರ್ಮವೆಂದು ಯಾರು ಹೇಳಿಕೊಟ್ಟರೋ ತಿಳಿಯದು. ಅತಿಥಿಸತ್ಕಾರವನ್ನು ಅಷ್ಟು ಎತ್ತಿಹಿಡಿಯುವ ಮನುಸ್ಮೃತಿಯು ಮೂರನೆಯ ಅಧ್ಯಾಯದಲ್ಲಿ, ಹೊಸದಾಗಿ ಮದುವೆಯಾದವರು, ಬಾಲಿಕೆಯರು, ರೋಗಿಗಳು, ಗರ್ಭಿಣಿಯರು ಇವರಿಗೆ ಅತಿಥಿಗಳಿಗಿಂತಲೂ ಮೊದಲು, ಹಿಂದೆಮುಂದೆ ನೋಡದೆ ಬಡಿಸಬೇಕೆಂದು ವಿಧಿಸಿದೆ. ಮೊಲೆಯೂಡಿಸುವ ತಾಯಿಯನ್ನು ಈ ಪಂಕ್ತಿಯಲ್ಲಿ ಕೂಡಿಸುವುದರಲ್ಲಿ ತಪ್ಪೇನು? ಅವಳು ಉಂಡದ್ದೇ ತಾನೆ ಮಗುವಿನ ಊಟ?

ನೈವೇದ್ಯವಾಗುವವರೆಗೆ ಮಗುವನ್ನು ಹಸಿವಿನಿಂದ ಅಳಿಸುವುದೂ ಬೇಡ. ಬೆಳಿಗ್ಗೆ ಕಾಸಿದ ಹಾಲಿಗೋ ಒಂದು ಬಾಳೆಹಣ್ಣಿಗೋ ತುಳಸಿ ಹಾಕಿ ದೇವರಿಗೆ ಸಮರ್ಪಿಸಿ ಮಗುವಿಗೆ ಕೊಟ್ಟರೆ ಅನಿವೇದಿತದ ದೋಷವೂ ಇಲ್ಲ, ಅಳುವೂ ಇಲ್ಲ. ಏಕಾದಶಿಯ ಉಪವಾಸದ ವಿಧಿ ಎಂಟು ವರ್ಷ ಮೀರಿದವರಿಗೇ ಹೊರತು ಅದಕ್ಕಿಂತ ಚಿಕ್ಕ ಮಕ್ಕಳಿಗಲ್ಲ. ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳಗಳೆಂದು ತಿಂಗಳಿಗೊಂದರಂತೆ ವರ್ಜಿಸುವ ಮನೆಗಳಲ್ಲಿ, ಆಶ್ವಿನ ಬಂತೆಂದು ಕೂಸಿನ ಹಾಲಿನ ಬಟ್ಟಲಿಗೆ ಕ್ಷೀರವ್ರತದ ಹೆಸರು ಹೇಳಬೇಡಿ. ಗರ್ಭಿಣಿಯರೂ ಬಾಣಂತಿಯರೂ ವ್ರತದ ವಿಷಯದಲ್ಲಿ ತಾವಾಗಿ ಸಂಕಟಪಡದೆ, ವೈದ್ಯರ ಸಲಹೆ ಪಡೆದು, ಅದನ್ನು ಮಠದ ಹಿರಿಯರಿಗೆ ತಿಳಿಸಿ ಅನುಜ್ಞೆ ಪಡೆಯಬೇಕು. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು ಮೊದಲಾದ ಎಂಟು ವ್ರತವನ್ನು ಕೆಡಿಸುವುದಿಲ್ಲವೆನ್ನುವ ಮಹಾಭಾರತದ ಉದ್ಯೋಗಪರ್ವವು ಆ ಎಂಟರಲ್ಲಿ ಔಷಧವನ್ನೂ ಗುರುವಿನ ಮಾತನ್ನೂ ಸೇರಿಸಿದೆ.

ಅಭ್ಯಂಗದ ಬಗ್ಗೆ ಎರಡು ಮಾತು. ಈ ವಿಷಯದಲ್ಲಿ ಪುಣೆ ನಮಗೆ ಪರಸ್ಥಳವೆನಿಸುವುದಿಲ್ಲ. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಲು ಮನೆಗೆ ಬರುವ ಮಾಲೀಶಿನ ಬಾಯಿ ಇಲ್ಲಿ ಇಂದಿಗೂ ಇದ್ದಾಳೆ. ನಮ್ಮ ಅಂಟಿನುಂಡೆಯೇ ಇಲ್ಲಿಯವರ ಡಿಂಕಾಚೆ ಲಾಡು. ನರಕಚತುರ್ದಶಿಯ ನಸುಕಿನಲ್ಲಿ ಎಣ್ಣೆ, ಉಟಣೆ ಹಚ್ಚಿ ಮೀಯುವ ಸಂಭ್ರಮ ಇಲ್ಲಿಯೂ ಉಂಟು. ವಾಗ್ಭಟನು ಅಭ್ಯಂಗವನ್ನು ದಿನವೂ ಮಾಡಬೇಕೆನ್ನುತ್ತಾನೆ, ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ. ದಿನವೂ ಆಗದಿದ್ದರೆ ವಾರಕ್ಕೊಮ್ಮೆ ಆಗಲಿ. ಮಗುವಿಗೆ ಮಾತ್ರವಲ್ಲ, ತಾಯಿಗೂ ಆಗಲಿ. ಆದರೆ ಹಳೆಯ ರೂಢಿಯನ್ನೆಲ್ಲ ಕಣ್ಣುಮುಚ್ಚಿ ಹಿಡಿಯಬಾರದು. ಕೂಸಿನ ಕಿವಿ ಮೂಗುಗಳಿಗೆ ಎಣ್ಣೆ ಬಿಡುವುದು, ಕೋಣೆ ತುಂಬ ಹೊಗೆ ಹಾಕುವುದು ಬೇಡವೆಂದು ಇಂದಿನ ವೈದ್ಯರು ಹೇಳುತ್ತಾರೆ. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡವೆನ್ನುತ್ತಾರೆ. ಇದನ್ನು ಕೇಳುವುದರಿಂದ ಧರ್ಮಕ್ಕೆ ಚ್ಯುತಿಯಿಲ್ಲ. ಜಾತಕರ್ಮದ ಜೇನಿನ ವಿಷಯವನ್ನು ಪುರೋಹಿತರೊಡನೆ ಮೊದಲೇ ಮಾತನಾಡಿಕೊಳ್ಳಿ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕೆನ್ನುವ ವೈದ್ಯರ ಮಾತೂ ಆರನೆಯ ತಿಂಗಳಿಗೆ ಅನ್ನಪ್ರಾಶನವನ್ನು ವಿಧಿಸಿದ ಗೃಹ್ಯಸೂತ್ರಗಳ ಮಾತೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಗೃಹಸ್ಥರಿಗೆ ನೇರವಾಗಿ ಹೇಳಬೇಕಾದದ್ದೊಂದಿದೆ. 2017ರ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಸರಕಾರಕ್ಕೆ ಅರ್ಥವಾದದ್ದು ಮನೆಯ ಯಜಮಾನನಿಗೆ ಅರ್ಥವಾಗದಿದ್ದರೆ ಹೇಗೆ? 'ಸಹಧರ್ಮಚಾರಿಣಿ' ಎಂದು ಅಗ್ನಿಸಾಕ್ಷಿಯಾಗಿ ಕೈಹಿಡಿದವನು ಧರ್ಮದಲ್ಲಿ ಜೊತೆಯನ್ನು ಕೇಳುತ್ತಾನೆ, ರಾತ್ರಿಯ ಜಾಗರಣೆಯಲ್ಲಿ ಜೊತೆಯನ್ನು ಕೊಡುವುದಿಲ್ಲ. ಮಗುವಿನ ಬಟ್ಟೆ ಬದಲಿಸಿದ ಕೈ ತೊಳೆದರೆ ಶುದ್ಧ. ಆ ಕೈಯಿಂದ ಅರ್ಘ್ಯ ಕೊಡಲು ಅಡ್ಡಿಯಿಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ತಾಯಿಯ ಮನಸ್ಸು ಕುಗ್ಗುವುದು, ಕಾರಣವಿಲ್ಲದೆ ಕಣ್ಣು ತುಂಬುವುದು ಸಾಮಾನ್ಯ. ಅದು ಎರಡು ವಾರ ಮೀರಿದರೆ, ಮಗುವನ್ನು ಕಂಡರೂ ಅವಳಿಗೆ ಬೇಸರವಾದರೆ, ಬದುಕೇ ಬೇಡವೆಂಬ ಮಾತು ಬಂದರೆ, ದೃಷ್ಟಿ ತೆಗೆದು ಸುಮ್ಮನಿರಬೇಡಿ, ಯಂತ್ರ ಕಟ್ಟಿಸಿ ಕಾಯಬೇಡಿ. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಧನ್ವಂತರಿಯೂ ನಾರಾಯಣನೇ. ಇದರಲ್ಲಿ ಮನೆತನಕ್ಕೆ ಅವಮಾನವೇನೂ ಇಲ್ಲ.

ನೆರೆಮನೆಯ ಮಗುವಿನೊಡನೆ ಹೋಲಿಸುವ ರೋಗವೂ ಈ ನಗರದಲ್ಲಿ ಬಲವಾಗಿದೆ. ಅವರ ಮಗು ರಾತ್ರಿಯಿಡೀ ಮಲಗುತ್ತದೆ, ಇವರ ಮಗು ಆಗಲೇ ನಡೆಯಿತು, ಇನ್ನೊಬ್ಬರ ಮಗಳು ಮೂರು ವರ್ಷಕ್ಕೆ ಹತ್ತು ಶ್ಲೋಕ ಹೇಳುತ್ತಾಳೆ. ಪಂಚಭೇದಗಳಲ್ಲಿ ಜೀವ-ಜೀವರ ಭೇದವನ್ನು ಬಾಯಿಪಾಠವಾಗಿ ಒಪ್ಪಿಸುವ ನಾವು ಸ್ವಂತ ಮಕ್ಕಳ ವಿಷಯದಲ್ಲಿ ಅದನ್ನು ಮರೆಯುತ್ತೇವೆ. ಒಂದೇ ಗರ್ಭದಿಂದ ಬಂದರೂ ಎರಡು ಜೀವಗಳು ಒಂದೇ ಅಲ್ಲ; ಪ್ರತಿಯೊಂದು ಜೀವವೂ ಅನಾದಿ, ಅದರ ಸ್ವಭಾವ ಅದರದ್ದೇ. ನಾವು ಅದಕ್ಕೆ ಹೊಲದ ಬೇಲಿಯಾಗಬಹುದೇ ಹೊರತು ಬೀಜವಾಗಲಾರೆವು.

ಸಂಜೆಯ ಕ್ರಮ ಸರಳವಾಗಿರಲಿ. ದೀಪ ಹಚ್ಚುವಾಗ ಮಗು ತೋಳಿನ ಮೇಲಿರಲಿ. ಕೈ ಮುಗಿಯೆಂದು ಒತ್ತಾಯಿಸಬೇಡಿ, ನೋಡಿ ನೋಡಿ ತಾನೇ ಮುಗಿಯುತ್ತದೆ. ಮಲಗಿಸುವಾಗ ಮೊಬೈಲಿನ ಹಾಡಿಗಿಂತ ನಿಮ್ಮದೇ ಕಂಠ ಒಳ್ಳೆಯದು, ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಹರಿದಾಸರು ಕೃಷ್ಣನಿಗಾಗಿ ಎಷ್ಟೊಂದು ಜೋಗುಳಗಳನ್ನು ಕಟ್ಟಿದ್ದಾರೆ! ಶ್ರೀಪಾದರಾಜರು, ವ್ಯಾಸರಾಜರು, ವಾದಿರಾಜರು ಎಲ್ಲರೂ ಯತಿಗಳು, ಮನೆಯಲ್ಲಿ ತೊಟ್ಟಿಲು ಕಟ್ಟಿದವರಲ್ಲ. ಆದರೂ ಯಶೋದೆಯ ಸಂಭ್ರಮವನ್ನೂ ಗೋಳನ್ನೂ ಅಷ್ಟು ನಿಜವಾಗಿ ಹಾಡಿದರು. ಅವುಗಳಲ್ಲಿ ಒಂದನ್ನು ಕಲಿತುಕೊಂಡು ದಿನವೂ ಅದನ್ನೇ ಹಾಡಿದರೂ ಸಾಕು, ಮಗುವಿಗೆ ಬೇಸರವಾಗದು. ಹಾಡು ಮುಗಿಯುವ ಮೊದಲೇ ಮಗುವಿನ ಪಕ್ಕದಲ್ಲಿ ತಾಯಿಗೇ ನಿದ್ರೆ ಹತ್ತಿದರೆ ಅವಳನ್ನು ಎಬ್ಬಿಸಬೇಡಿ. ಅಡಿಗೆಮನೆಯ ಪಾತ್ರೆಗಳನ್ನು ಆ ದಿನ ಯಜಮಾನರೇ ತೊಳೆದಿಡಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥